ಗಡ್ಡದ ಹಿಂದೆ ಯಾರು

ಆ ಚಿತ್ರ ನಮ್ಮ ಟೆಂಟ್ ಸಿನಿಮಾಕ್ಕೆ ಬಂದದ್ದೇ ಅರ್ಧ. ಹದಿನಾಲ್ಕು ರೀಲುಗಳಲ್ಲಿ ಮೊದಲ ಏಳು ಲಗ್ಗೆರೆಯಲ್ಲಿ ಆಪರೇಟರ್ ಆಗಿದ್ದ ನನ್ನ ಕೈ ಸೇರಿದವು, ಉಳಿದ ಏಳು ಮಾಕಳಿಯ ಟೆಂಟಿಗೆ ಹೋದವು. ಹಂಚಿಕೆದಾರರು ಎರಡು ಟೆಂಟಿಗೂ ಸೇರಿಸಿ ಒಂದೇ ಪ್ರಿಂಟ್ ಕೊಟ್ಟಿದ್ದರು. ತೊಂಬತ್ತರ ದಶಕದ ನಡುವೆ ಇದೇನೂ ಹೊಸದಲ್ಲ. ನಮ್ಮಲ್ಲಿ ಆಟ ಮೊದಲು ಶುರುವಾಗಬೇಕು. ನಾನು ಓಡಿಸಿ ಮುಗಿಸಿದ ರೀಲುಗಳನ್ನು ಒಬ್ಬರು ಮೊಪೆಡ್ಡಿನಲ್ಲಿ ಹೇರಿಕೊಂಡು ತುಮಕೂರು ರಸ್ತೆ ಹಿಡಿದು ಮಾಕಳಿಗೆ ಒಯ್ಯಬೇಕು, ಬರುವಾಗ ಅಲ್ಲಿಂದ ಮುಂದಿನ ರೀಲು ತರಬೇಕು. ದಾರಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಎರಡು ಊರಿನ ಜನ ಒಟ್ಟಿಗೆ ಶಿಳ್ಳೆ ಹೊಡೆಯುತ್ತಿದ್ದರು.

ರೀಲು ಸಾಗಿಸುತ್ತಿದ್ದವರು ಕುಣಿಗಲ್ ಕಡೆಯ ಒಬ್ಬರು, ಐವತ್ತು ದಾಟಿದವರು. ಪೀಣ್ಯದ ಯಾವುದೋ ಕಾರ್ಖಾನೆ ಮುಚ್ಚಿದಾಗ ಕೆಲಸ ಹೋಗಿ ಈ ಕೆಲಸಕ್ಕೆ ಬಂದಿದ್ದರು. ತಗಡಿನ ಡಬ್ಬಗಳಲ್ಲಿ ರೀಲು ತರುತ್ತಿದ್ದರಿಂದ ಎಲ್ಲರಿಗೂ ಅವರು ಡಬ್ಬದಣ್ಣ. ಎರಡು ಟೆಂಟುಗಳ ನಡುವೆ ಮಾತು ಸಾಗಿಸುವುದೂ ಅವರ ಪಾಲಿಗೇ ಬಿದ್ದಿತ್ತು. ಯಾಕೆಂದರೆ ಮಾಕಳಿಯ ಆಪರೇಟರೂ ನಾನೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ನಾವಿಬ್ಬರೂ ಒಬ್ಬರೇ ಗುರುಗಳ ಕೈಕೆಳಗೆ ಕೆಲಸ ಕಲಿತವರು. ಟೂರಿಂಗ್ ಟಾಕೀಸಿನ ಹಳೆಯ ಆಪರೇಟರ್ ಅವರು. ಕಣ್ಣು ಮಂಜಾಗಿ ಕೆಲಸ ಬಿಟ್ಟ ದಿನ ತಮ್ಮ ಸಾಮಾನನ್ನು ಹಂಚಿದರು. ಹರಿದ ಫಿಲಂ ಕೂಡಿಸುವ ಜಾಯ್ನರ್ ಅವನಿಗೆ ಹೋಯಿತು, ಭೂತಗನ್ನಡಿ ನನಗೆ ಬಂತು. ಜಾಯ್ನರ್ ಅಂದರೆ ಅಂಗೈಯಗಲದ ಕಬ್ಬಿಣದ ಪಟ್ಟಿ, ಮೇಲೆ ಸಾಲು ಹಲ್ಲು. ಗುರುಗಳ ಜಾಯ್ನರಿನಲ್ಲಿ ಕೂಡಿಸಿದ ಫಿಲಂ ಎಲ್ಲಿ ಹರಿದಿತ್ತು ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ನನಗೆ ಸಿಕ್ಕ ಭೂತಗನ್ನಡಿಯಿಂದ ಅವನಿಗೆ ಎಂಥ ವಸ್ತು ಸಿಕ್ಕಿತು ಎಂದು ದೊಡ್ಡದಾಗಿ ನೋಡಬಹುದಿತ್ತು, ಅಷ್ಟೇ. ಆವತ್ತು ಶುರುವಾದ ಮುನಿಸು ಆಮೇಲೆ ಕಾರಣವಿಲ್ಲದೆಯೂ ಬೆಳೆಯಿತು.

ಚಿತ್ರದ ಕಥೆಯೂ ಇದೇ ಆಗಿತ್ತೆಂದರೆ ನೀವು ನಂಬಲಿಕ್ಕಿಲ್ಲ. ಒಬ್ಬ ಗುರು, ಇಬ್ಬರು ಜಾದೂಗಾರರು. ಗುರು ಒಂದು ರೀಲು ಪೂರ್ತಿ ಸಾಯುತ್ತಾನೆ. ಸಾಯುವಾಗಲೂ ಕೈಯಲ್ಲಿನ ಮಂತ್ರದಂಡ ಬಿಡುವುದಿಲ್ಲ. ಆ ದಂಡ ನಾಯಕನಿಗೆ ಸಿಗುತ್ತದೆ. ಆಗ ಎಲ್ಲಿಂದಲೋ ಪೇಟ, ಕಪ್ಪು ಕನ್ನಡಕ, ಹೊಟ್ಟೆಯವರೆಗೆ ಗಡ್ಡದ ಇನ್ನೊಬ್ಬ ಜಾದೂಗಾರ ಬಂದು ಅದು ನನ್ನದು ಎಂದು ಗುಡುಗುತ್ತಾನೆ. ನಾಯಕ ಒಂದು ಪೆಟ್ಟಿಗೆಗೆ ಹೊಕ್ಕು ಇನ್ನೊಂದರಿಂದ ಹೊರಬಂದರೆ, ಗಡ್ಡದವನು ಪೆಟ್ಟಿಗೆಯೇ ಇಲ್ಲದೆ ಮಾಯವಾಗುತ್ತಾನೆ. ನಡುನಡುವೆ ನಾಯಕ ಸತ್ತ ಗುರುವಿನ ಮಗಳ ಜೊತೆ ತೋಟದಲ್ಲಿ ಕುಣಿಯುತ್ತಾನೆ. ಪಾರಿವಾಳ ನುಂಗಿದ ಹಾಸ್ಯದವನೊಬ್ಬನಿದ್ದಾನೆ, ಅವನು ಕೆಮ್ಮಿದರೆ ಗರಿ ಬರುತ್ತದೆ. ಕೈಚಳಕಕ್ಕಿಂತ ಕಣ್ಣೀರು ಹೆಚ್ಚು.

ಚಿತ್ರ ಬಂದ ದಿನ ಟೆಂಟಿನ ಯಜಮಾನರು ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಂದರು. ಸಾಮಾನ್ಯವಾಗಿ ಅವರು ಹತ್ತುವವರಲ್ಲ. "ನೋಡಯ್ಯ, ಆಯುಧಪೂಜೆ ತನಕ ಈ ಪಿಕ್ಚರ್ ಎಳೀಬೇಕು. ಎಳೆದ್ರೆ ಲೈಸೆನ್ಸ್ ರಿನ್ಯೂ ಮಾಡಿಸ್ತೀನಿ, ಮೇಲೆ ಹೊಸ ಶೀಟ್ ಹಾಕಿಸ್ತೀನಿ. ಇಲ್ಲಾಂದ್ರೆ ಬೋಲ್ಟು ನಟ್ಟಿನ ಫ್ಯಾಕ್ಟರಿಯವನು ಜಾಗ ಕೇಳ್ತಾ ಇದಾನೆ. ಕೊಟ್ಬಿಡ್ತೀನಿ" ಎಂದರು.

"ಎಳೆಯುತ್ತೆ ಸಾರ್" ಎಂದೆ. ಚಿತ್ರ ನೋಡಿರಲಿಲ್ಲ.

ಹೆದರಿಕೆ ಆಗಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಲಗ್ಗೆರೆಯ ವಠಾರಗಳಿಗೆ ಕೇಬಲ್ ಟಿವಿ ಬಂದ ಮೇಲೆ ನಮ್ಮ ಬೆಂಚುಗಳು ಒಂದೊಂದಾಗಿ ಖಾಲಿಯಾಗಿದ್ದವು. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಹಾಗಾಗಿ ನನ್ನ ಕೆಲಸ ಹೋದರೆ ಮನೆ ಬೀಳುತ್ತಿರಲಿಲ್ಲ. ಬೀಳುತ್ತಿದ್ದವನು ನಾನು. ಅದೇ ವಾರ ಗುಟ್ಟಾಗಿ ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿಗೆ ಕೆಲಸ ಕೇಳಲು ಹೋಗಿದ್ದೆ. ಆಪರೇಟರ್ ಎಂದೆ. "ಯಾವ ಮೆಷಿನ್? ಮಿಲ್ಲಿಂಗಾ, ಪ್ರೆಸ್ಸಾ?" ಎಂದು ಕೇಳಿದರು. ಸಿನಿಮಾ ಎಂದಾಗ ಅಲ್ಲಿದ್ದ ಸೂಪರ್‌ವೈಸರ್ ನಕ್ಕರು. ಕೆಟ್ಟ ನಗೆಯೇನಲ್ಲ, ಟೀ ಕೂಡ ಕುಡಿಸಿ ಕಳಿಸಿದರು. ಆ ಟೀ ಇಂದಿಗೂ ಗಂಟಲಲ್ಲಿದೆ.

ಆಪರೇಟರ್ ಚಿತ್ರ ನೋಡುವುದಿಲ್ಲ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಯಂತ್ರದೊಳಗೆ ಎರಡು ಕಾರ್ಬನ್ ಕಡ್ಡಿಗಳ ನಡುವೆ ಬೆಂಕಿ ಉರಿಯುತ್ತಿರುತ್ತದೆ. ಕಡ್ಡಿ ಸವೆದಂತೆ ಅಂತರ ಸರಿಮಾಡುತ್ತಿರಬೇಕು, ಇಲ್ಲದಿದ್ದರೆ ಪರದೆಯ ಮೇಲೆ ನಾಯಕಿ ನೀಲಿಯಾಗುತ್ತಾಳೆ. ರೀಲು ಮುಗಿಯುವ ಮುನ್ನ ಮೂಲೆಯಲ್ಲಿ ಕಾಣುವ ಚುಕ್ಕಿಗೆ ಕಾದು ಇನ್ನೊಂದು ಯಂತ್ರಕ್ಕೆ ದಾಟಿಸಬೇಕು. ಹೊಸ ಪ್ರಿಂಟ್ ಬಂದರೆ ಅಂಚನ್ನು ಬೆರಳಲ್ಲಿ ಸವರಿ ಎಲ್ಲಿ ಹರಿದಿದೆ, ಎಲ್ಲಿ ತೂತು ಬಿಟ್ಟಿದೆ ನೋಡುತ್ತೇವೆ. ಅದರಲ್ಲಿರುವ ಮುಖಗಳನ್ನಲ್ಲ. ಈ ಸಲ ಕೊನೆಯ ರೀಲುಗಳ ಅಂಚೂ ನನ್ನ ಬೆರಳಿಗೆ ಸಿಕ್ಕಿರಲಿಲ್ಲ.

ಇನ್ನು ನಮ್ಮ ಟೆಂಟಿನ ಒಂದು ಪದ್ಧತಿ ಹೇಳಬೇಕು. ಬೆಳಗಿನ ಆಟಕ್ಕೆ ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಸೆಕೆಂಡ್ ಶಿಫ್ಟಿನವರು. ಮಧ್ಯಾಹ್ನ ಸೈರನ್ ಕೂಗುವ ಮೊದಲು ಕ್ಯಾಂಟೀನಿನಲ್ಲಿ ಊಟ ಮುಗಿಸಿ ಗೇಟಿನೊಳಗಿರಬೇಕು. ಹಾಗಾಗಿ ಕ್ಲೈಮ್ಯಾಕ್ಸ್ ನೋಡಲು ಅವರಿಗೆ ಆಗುತ್ತಲೇ ಇರಲಿಲ್ಲ. ಅವರ ಪರವಾಗಿ ಲೇತ್ ಓಡಿಸುವ ಒಬ್ಬ ಟರ್ನರ್ ಬಹಳ ಹಿಂದೆಯೇ ಜಗಳ ಮಾಡಿ ಒಂದು ಏರ್ಪಾಡು ಮಾಡಿಸಿಕೊಂಡಿದ್ದ. ಬೆಳಗಿನ ಆಟದಲ್ಲಿ ಇಂಟರ್ವಲ್ ಮುಗಿದ ಕೂಡಲೇ ಕೊನೆಯ ಎರಡು ರೀಲು ಹಾಕಬೇಕು. ಖಳನಾಯಕ ಸತ್ತ ಮೇಲೆ ಅವರು ಸಮಾಧಾನವಾಗಿ ಎದ್ದು ಶಿಫ್ಟಿಗೆ ಹೋಗುತ್ತಿದ್ದರು. ಆಮೇಲೆ ಉಳಿದ ಹೆಂಗಸರಿಗೆ, ರಾತ್ರಿ ಪಾಳಿ ಮುಗಿಸಿ ಬೆಂಚಿನ ಮೇಲೆ ಮಲಗಿರುತ್ತಿದ್ದವರಿಗೆ, ಬಿಟ್ಟ ರೀಲುಗಳನ್ನು ತೋರಿಸಿ ಕ್ಲೈಮ್ಯಾಕ್ಸನ್ನು ಇನ್ನೊಮ್ಮೆ ಹಾಕುತ್ತಿದ್ದೆ. ಸತ್ತ ಖಳನಾಯಕ ಎದ್ದು ಬಂದು ಮತ್ತೆ ಸಾಯುತ್ತಿದ್ದ. ಯಾರೂ ದೂರಿರಲಿಲ್ಲ. ನಾಯಕ ಗೆಲ್ಲುತ್ತಾನೆ ಎಂಬುದು ಯಾರಿಗೆ ಗೊತ್ತಿಲ್ಲ?

ಮೊದಲ ದಿನ ಬೆಳಗಿನ ಆಟಕ್ಕೆ ಡಬ್ಬದಣ್ಣನ ಕೈಲಿ ಹೇಳಿ ಕಳಿಸಿದೆ, ಹದಿಮೂರು ಹದಿನಾಲ್ಕನ್ನು ಮೊದಲು ಕೊಡಲಿ ಎಂದು. ಡಬ್ಬದಣ್ಣ ಎಂಟು ಒಂಬತ್ತನ್ನು ತಂದರು.

"ಕಡೇ ರೀಲು ಈಗ್ಲೇ ಕೊಡಕಿಲ್ವಂತೆ. ಇದು ಆ ತರ ಪಿಚ್ಚರ್ ಅಲ್ಲ, ಮೊದ್ಲೇ ತೋರ್ಸುದ್ರೆ ಕೆಟ್ಟೋಯ್ತದೆ ಅಂತ ಯೋಳು ಅಂದ್ರು. ನಂಗೇನ್ ಗೊತ್ತು ಸಾಮಿ, ಅವ್ರು ಅಂಗಂದ್ರು."

ಮಾಕಳಿಯವನು ಹೇಳಿದ ಮಾತು ಸರಿಯಾಗಿಯೇ ಇತ್ತು. ತೊಂದರೆ ಏನೆಂದರೆ ಅದನ್ನು ಹೇಳಿದವನು ಅವನು. ಜಾಯ್ನರ್ ಸಿಕ್ಕಿದ್ದು ಸಾಲದೆ ಈಗ ನನ್ನ ಟೆಂಟಿನಲ್ಲಿ ಏನು ತೋರಿಸಬೇಕು ಎಂದೂ ಇವನೇ ಹೇಳುತ್ತಾನೆಯೇ ಎಂದು ಉರಿದುಹೋಯಿತು. "ನನ್ನ ಜನ ನನಗೆ ಗೊತ್ತು ಅಂತ ಹೇಳಣ್ಣ. ರೀಲು ಕೊಡದಿದ್ರೆ ನಾಳೆಯಿಂದ ಮೊದಲ ಏಳು ಲಗ್ಗೆರೆ ಬಿಟ್ಟು ಕದಲಲ್ಲ" ಎಂದು ಕಳಿಸಿದೆ. ಮುಂದಿನ ಸುತ್ತಿಗೆ ರೀಲುಗಳು ಬಂದವು. ಡಬ್ಬದ ಮುಚ್ಚಳಕ್ಕೆ ತಂತಿ ಸುತ್ತಿ ಇಕ್ಕಳದಲ್ಲಿ ಎಷ್ಟು ಬಿಗಿದಿದ್ದನೆಂದರೆ, ಬಿಚ್ಚುವುದರಲ್ಲಿ ನನ್ನ ಹೆಬ್ಬೆರಳಿನ ಉಗುರು ಹೋಯಿತು.

ಇಂಟರ್ವಲ್ ಮುಗಿಯಿತು, ಕೊನೆಯ ರೀಲುಗಳು ಓಡಿದವು. ನಾನು ಕಾರ್ಬನ್ ನೋಡಿಕೊಳ್ಳುತ್ತಿದ್ದೆ. ಇದ್ದಕ್ಕಿದ್ದಂತೆ ಟೆಂಟು ಮೌನವಾಯಿತು. ಟೆಂಟಿನಲ್ಲಿ ಮೌನ ಬಂದರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲ ಕಿತ್ತಾಟ ಶುರುವಾಗಿರಬೇಕು. ಕಿಂಡಿಯಲ್ಲಿ ಇಣುಕಿದೆ. ನಾಯಕನ ಕೈಯಲ್ಲಿ ಉದ್ದ ಗಡ್ಡ ನೇತಾಡುತ್ತಿತ್ತು. ಅದರ ಹಿಂದೆ ಕಣ್ಣೀರು ತುಂಬಿಕೊಂಡು ನಿಂತಿದ್ದವಳು ನಾಯಕಿ. ಇಡೀ ಚಿತ್ರದಲ್ಲಿ ಗಂಡು ದನಿಯಲ್ಲಿ ಗುಡುಗಿದ ಆ ಎದುರಾಳಿ ಜಾದೂಗಾರ, ತಂದೆಯ ಮಂತ್ರದಂಡಕ್ಕಾಗಿ ವೇಷ ತೊಟ್ಟ ಗುರುವಿನ ಮಗಳು. ಹದಿನಾಲ್ಕು ರೀಲಿನಲ್ಲಿದ್ದ ಒಂದೇ ಒಂದು ಗುಟ್ಟು ಅದು, ನಾನು ಅದನ್ನು ಇಂಟರ್ವಲ್ ಆಗುತ್ತಲೇ ಹಂಚಿಬಿಟ್ಟಿದ್ದೆ.

ಸೆಕೆಂಡ್ ಶಿಫ್ಟಿನವರು ಶಿಳ್ಳೆ ಹೊಡೆದು ಎದ್ದು ಹೋದರು. ಆಮೇಲೆ ಬಿಟ್ಟ ರೀಲುಗಳನ್ನು ಹಾಕಿದೆ. ಗಡ್ಡದವನು ನಾಯಕನ ಎದುರು ನಿಂತು "ನಿನ್ನ ರಕ್ತ ಹೀರುತ್ತೇನೆ" ಎಂದು ಗರ್ಜಿಸಿದ. ಮುಂದೆ ನೆಲದ ಮೇಲೆ ಕೂತಿದ್ದ ಒಬ್ಬ ಹೆಂಗಸು ತಣ್ಣಗೆ, "ಮೊದ್ಲು ಬಳೆ ಬಿಚ್ಚಿಡಮ್ಮ" ಎಂದಳು. ಟೆಂಟು ಬಿದ್ದು ಬಿದ್ದು ನಕ್ಕಿತು. ನಾಯಕಿ ಹಾಡಿನಲ್ಲಿ ನಾಚಿಕೊಂಡರೂ ನಗು, ಗಡ್ಡದವನು ಕತ್ತಿ ಎತ್ತಿದರೂ ನಗು. ಆ ಚಿತ್ರ ಮಾಡಿದವರು ನಮ್ಮ ಟೆಂಟಿನಲ್ಲಿ ಆವತ್ತು ಕೂತಿದ್ದರೆ ಅಲ್ಲೇ ಒಂದು ಪೆಟ್ಟಿಗೆ ಹುಡುಕಿ ಹೊಕ್ಕುಬಿಡುತ್ತಿದ್ದರು.

ಮಧ್ಯಾಹ್ನದ ಕ್ಯಾಂಟೀನಿನಲ್ಲಿ ಸೆಕೆಂಡ್ ಶಿಫ್ಟಿನವರು ಫಸ್ಟ್ ಶಿಫ್ಟಿನವರಿಗೆ ಹೇಳಿದರು. ಫಸ್ಟ್ ಶಿಫ್ಟಿನವರು ಕಂಪನಿ ಬಸ್ಸಿನಲ್ಲಿ ಹೇಳಿದರು. ಆ ಬಸ್ಸು ಮಾಕಳಿಯನ್ನು ದಾಟಿ ನೆಲಮಂಗಲದವರೆಗೂ ಹೋಗುತ್ತಿತ್ತು. ಮೂರು ನಾಲ್ಕು ದಿನ ಗೇಲಿ ಮಾಡಲೆಂದೇ ಜನ ಬಂದರು, ನನಗೂ ಸ್ವಲ್ಪ ಆಸೆ ಹುಟ್ಟಿತು. ಆಮೇಲೆ ಗೇಲಿಯೂ ಹಳತಾಯಿತು. ಮ್ಯಾಟಿನಿಗೆ ಮುಂದಿನ ಸಾಲಿನಲ್ಲಿ ಒಂದು ನಾಯಿ ಮಲಗಿತ್ತು, ಎಬ್ಬಿಸಲಿಲ್ಲ. ಎಣಿಕೆಗೆ ಅದೂ ಇರಲಿ ಅನ್ನಿಸಿತು. ಆಯುಧಪೂಜೆಗೆ ಇನ್ನೂ ಎರಡು ವಾರದ ಮೇಲಿತ್ತು. ಯಜಮಾನರು ಗೇಟಿನ ಬಳಿ ನಿಂತು ಖಾಲಿ ಬೆಂಚು ನೋಡಿಕೊಂಡು ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಡಬ್ಬದಣ್ಣನ ಮೊಪೆಡ್ಡಿನ ಹಿಂದೆ ಡಬ್ಬಗಳ ಜಾಗದಲ್ಲಿ, ಕೊನೆಯ ರೀಲಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಮಾಕಳಿಯ ಆಪರೇಟರ್ ಕೂತು ಬಂದ. ತಲೆ ಪೂರಾ ಬೆಳ್ಳಗಾಗಿತ್ತು. ಮೆಟ್ಟಿಲು ಹತ್ತಿ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತ.

"ನಿಂಗೆ ಹೇಳಿ ಕಳಿಸಿದ್ದೆ."

"ಕಳಿಸಿದ್ದೆ" ಎಂದು ಒಪ್ಪಿಕೊಂಡೆ.

"ನಮ್ಮಲ್ಲಿ ಪೋಸ್ಟರ್‌ನಲ್ಲಿ ಗಡ್ಡದವನಿಗೆ ಯಾರೋ ಕುಂಕುಮ ಇಟ್ಟು, ಮಲ್ಲಿಗೆ ಮುಡಿಸಿದಾರೆ ಕಣೋ."

"ಇಲ್ಲಿ ಕೊರಳಿಗೆ ತಾಳಿ ಬರೆದಿದಾರೆ" ಎಂದೆ.

ಅವನು ನಗಲು ಹೋಗಿ ನಗಲಾರದೆ ಕೆಳಗೆ ಕೂತುಬಿಟ್ಟ. ಅವನ ಟೆಂಟಿನ ಕಥೆಯೂ ನಮ್ಮದೇ ಆಗಿತ್ತು. ಜಾಗಕ್ಕೆ ಅಲ್ಲಿಯೂ ಜನ ಬರುತ್ತಿದ್ದರು. ಬೈಯುತ್ತಾನೆ ಎಂದು ಕಾದೆ. ಅವನು ಬೈಯದೆ ಹೆಗಲ ಮೇಲಿದ್ದ ಟವಲಿನ ಗಂಟು ಬಿಚ್ಚಿದ. ಒಳಗೆ ಗುರುಗಳ ಜಾಯ್ನರ್ ಇತ್ತು. ಎಣ್ಣೆ ಹಚ್ಚಿ ಇಟ್ಟಿದ್ದ, ಒಂದು ಹಲ್ಲೂ ಸವೆದಿರಲಿಲ್ಲ. ಹೊಟ್ಟೆಕಿಚ್ಚು ಇನ್ನೂ ಅಲ್ಲೇ ಇದೆ ಎಂದು ಆಗ ತಿಳಿಯಿತು.

"ಐದನೇ ರೀಲಲ್ಲಿ ಹಾಸ್ಯದವನು ಗಡ್ಡದವನ ಕೋಣೆಗೆ ನುಗ್ಗಿ ಅದೇ ಗಡ್ಡ, ಅದೇ ಪೇಟ ಹಾಕ್ಕೊಳ್ತಾನೆ, ನೋಡಿದ್ಯಾ?" ಎಂದ.

ನಾನು ನೋಡಿರಲಿಲ್ಲ. ಆದರೆ ಅಲ್ಲಿ ಅಂಚಿನಲ್ಲಿ ಒಂದು ತೂತು ಹರಿದಿರುವುದು ಬೆರಳಿಗೆ ನೆನಪಿತ್ತು. ಆ ಜಾಗ ತೆಗೆದು ಭೂತಗನ್ನಡಿ ಹಿಡಿದೆ. ಕಪ್ಪು ಪರದೆಯ ಮುಂದೆ ಹಾಸ್ಯದವನ ಮುಖ. ಯಾರದೋ ಕೈ ಬಂದು ಗಡ್ಡ ಕೀಳುತ್ತದೆ, ಅವನು ಬಾಯಿ ಬಿಡುತ್ತಾನೆ. ಕೊನೆಯ ರೀಲಿನಲ್ಲಿ ನಾಯಕಿಯ ಹಿಂದೆ ಇದ್ದದ್ದೂ ಕಪ್ಪು ಪರದೆಯೇ, ಅವಳ ಮುಖ ಮರೆಯಾದ ಕೂಡಲೇ ಶುಭಂ. ಅವನು ಮುಂದೆ ಹೇಳಬೇಕಾಗಿರಲಿಲ್ಲ. ನಾಯಕಿಯ ಮುಖ ತೆಗೆದು ಹಾಸ್ಯದವನ ಮುಖ ಕೂಡಿಸಿದರೆ, ಪೀಣ್ಯದ ಕ್ಯಾಂಟೀನುಗಳಲ್ಲಿ ಹರಡಿದ ಗುಟ್ಟು ಸುಳ್ಳಾಗುತ್ತದೆ.

ಕೂಡಲೇ ಒಪ್ಪಲಿಲ್ಲ. ಗುರುಗಳು ಕಲಿಸಿದ ನಿಯಮ ಒಂದೇ. ಹರಿದದ್ದನ್ನು ಕೂಡಿಸು, ಹರಿಯದದ್ದಕ್ಕೆ ಬ್ಲೇಡು ಹಾಕಬೇಡ. ಅವರ ಜಾಯ್ನರಿನ ಎದುರಿಗೇ ಅದನ್ನು ಮುರಿಯಬೇಕಿತ್ತು. ಕೆಳಗೆ ಗೇಟಿನಲ್ಲಿ ಬೆಳಗಿನ ಆಟಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಶೆಡ್ಡಿನ ಸೂಪರ್‌ವೈಸರ್ ಕುಡಿಸಿದ ಟೀ ನೆನಪಾಯಿತು. ಬ್ಲೇಡು ನಾನೇ ತೆಗೆದುಕೊಂಡೆ, ನಾನೇ ಕತ್ತರಿಸಿದೆ.

ಕೆಲಸ ಹೇಳುವಷ್ಟು ಸುಲಭವಾಗಿರಲಿಲ್ಲ. ಎರಡು ಫ್ರೇಮುಗಳ ನಡುವಿನ ಗೆರೆಯ ಮೇಲೆ ಕತ್ತರಿಸಬೇಕು, ತುದಿಯ ಮೇಲ್ಪದರವನ್ನು ಕೆರೆಯಬೇಕು, ಫಿಲಂ ಅಂಟನ್ನು ಒಂದೇ ಗೀಟಿನಲ್ಲಿ ಸವರಿ ಜಾಯ್ನರಿನಲ್ಲಿ ಅದುಮಬೇಕು. ಅಂಟು ಹೆಚ್ಚಾದರೆ ಗಟ್ಟಿಯಾಗಿ ಯಂತ್ರದ ಬಾಯಲ್ಲಿ ಸಿಕ್ಕುತ್ತದೆ, ಕಡಿಮೆಯಾದರೆ ಬಿಡುತ್ತದೆ. ಫ್ರೇಮು ಹುಡುಕುವುದು ನನ್ನ ಪಾಲು, ಅದುಮುವುದು ಅವನ ಪಾಲು. ಅವನ ಕೈ ಅಲುಗುತ್ತಿರಲಿಲ್ಲ. ಗುರುಗಳು ಜಾಯ್ನರನ್ನು ಅವನಿಗೆ ಯಾಕೆ ಕೊಟ್ಟರು ಎಂಬುದು ಆವತ್ತು ಅರ್ಥವಾಯಿತು, ಹಾಗೆಂದು ಅವನಿಗೆ ಹೇಳಲಿಲ್ಲ.

ಬೆಳಗಿನ ಆಟಕ್ಕೆ ಬಂದ ಹತ್ತಾರು ಜನರೆದುರು ಓಡಿಸಿದೆವು. ನಾಯಕ ಕೈ ಚಾಚಿದ, ಗಡ್ಡ ಕಳಚಿತು, ಹಾಸ್ಯದವನ ಮುಖ ಕಾಣಿಸಿತು. ಅವನು ಬಾಯಿ ಬಿಟ್ಟ, ಒಳಗಿನಿಂದ ನಾಯಕಿಯ ದನಿಯಲ್ಲಿ "ಅಪ್ಪಾ" ಎಂಬ ಬಿಕ್ಕಳಿಕೆ ಬಂತು. ಫಿಲಂ ಅಂಚಿನ ಶಬ್ದದ ಪಟ್ಟಿ ಚಿತ್ರಕ್ಕಿಂತ ಇಪ್ಪತ್ತು ಫ್ರೇಮು ಮುಂದೆ ಇರುತ್ತದೆ. ಇದು ನಮ್ಮ ಕಸುಬಿನ ಅಆಇಈ. ಇಬ್ಬರು ಹಳೆಯ ಆಪರೇಟರುಗಳು ಸೇರಿ ಅದನ್ನೇ ಮರೆತಿದ್ದೆವು. ನಾವು ಕತ್ತರಿಸಿದ ಜಾಗಕ್ಕೆ ಮುಂಚಿನ ಫ್ರೇಮುಗಳ ಅಂಚಿನಲ್ಲಿ ನಾಯಕಿಯ ಅಳು ಹಾಗೇ ಉಳಿದುಕೊಂಡಿತ್ತು. ಪುಣ್ಯಕ್ಕೆ ಅವತ್ತು ಬಂದವರಲ್ಲಿ ಅರ್ಧ ಜನ ರಾತ್ರಿ ಪಾಳಿಯವರು, ನಿದ್ದೆಯಲ್ಲಿದ್ದರು. ಮಧ್ಯಾಹ್ನ ಆ ಪಟ್ಟಿಯ ಮೇಲೆ ಕಪ್ಪು ಇಂಕು ಬಳಿದು ಅಳುವನ್ನು ಅಡಗಿಸಿದೆವು. ಗಡ್ಡ ಬಿದ್ದಾಗ ಶಬ್ದವೇ ಇಲ್ಲ, ಆಮೇಲೆ ಸಂಗೀತ ಧಡ್ ಎಂದು ಬಡಿಯುತ್ತದೆ. ಮೊದಲಿಗಿಂತ ಚೆನ್ನಾಗಿಯೇ ಆಯಿತು.

ಮರುದಿನ ಟರ್ನರ್ ತನ್ನ ತಂಗಿಯ ಗಂಡನನ್ನು ಕರೆದುಕೊಂಡು ಬಂದಿದ್ದ. ಪಾಪ, ಗಡ್ಡದವನು ನಾಯಕಿಯೇ ಎಂದು ಅವನ ಎದುರು ಪ್ರಮಾಣ ಮಾಡಿದ್ದನಂತೆ. ಹಾಸ್ಯದವನ ಮುಖ ಕಂಡು ಬೆಂಚಿನ ಮೇಲೆ ಎದ್ದು ನಿಂತುಬಿಟ್ಟ. ಆಟದ ಮಧ್ಯೆ ಕ್ಯಾಬಿನ್ ಬಾಗಿಲು ಬಡಿದ.

"ಸಾರ್, ಏನ್ ಸಾರ್ ಇದು? ನಾನೇ ಕಣ್ಣಾರೆ ನೋಡಿದ್ನಲ್ಲ, ಹೀರೋಯಿನ್ನು ಅಲ್ವಾ?"

"ಪಿಕ್ಚರಲ್ಲಿ ಇರೋದನ್ನ ನಾನು ಹಾಕ್ತೀನಪ್ಪ. ನೀನು ನೋಡಿದ್ದು ನಂಗೇನ್ ಗೊತ್ತು" ಎಂದೆ.

ಮೂರನೆಯ ದಿನ ಮತ್ತೆ ನಾಯಕಿಯನ್ನು ಕೂಡಿಸಿದೆವು. ನಾಲ್ಕನೆಯ ದಿನ ಹಾಸ್ಯದವನು. ಮಂಗಳವಾರ ನೋಡಿದವನು ಬುಧವಾರ ನೋಡಿದವನ ಜೊತೆ ಕ್ಯಾಂಟೀನಿನಲ್ಲಿ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಬೆಳಗಿನ ಆಟದ ಹಳೆಯ ಪದ್ಧತಿಯೂ ಈಗ ಉಪಕಾರಕ್ಕೆ ಬಂತು. ಸೆಕೆಂಡ್ ಶಿಫ್ಟಿನವರು ಇಂಟರ್ವಲ್ ಆದ ಕೂಡಲೇ ಉತ್ತರ ನೋಡಿಕೊಂಡು ಹೋಗಿ ಊಟದ ಸಾಲಿನಲ್ಲಿ ಹಬ್ಬಿಸುತ್ತಿದ್ದರು, "ಈವತ್ತು ಯಾರು?" ಎಂಬುದು ಪೀಣ್ಯದ ಮಾತೇ ಆಗಿಹೋಯಿತು. ಅಲ್ಲಿಯೂ ಇಲ್ಲಿಯೂ ಬೆಂಚು ತುಂಬಿದವು. ಮಾರತ್ತಹಳ್ಳಿಯಿಂದ ಬಸ್ಸು ಬದಲಿಸಿಕೊಂಡು ಬಂದ ಒಬ್ಬರು, ತಮ್ಮ ಆಫೀಸಿನಲ್ಲಿಯೂ ಇದೇ ವಾದ ಎಂದರು. ಯಜಮಾನರು ಗೇಟಿನ ಬಳಿ ನಿಂತು ನಗುತ್ತಿದ್ದರು. ಗೇಟಿಗೆ ಒಂದು ಬೋರ್ಡು ಬರೆಸಿ ಎಂದವರೂ ಅವರೇ. ಹಬ್ಬದ ದಿನ ಮ್ಯಾಟಿನಿಯಲ್ಲಿ ನಿಜವಾದ ಉತ್ತರ ತಿಳಿಯುತ್ತದೆ ಎಂದು ಬರೆಸಿದೆವು.

ಮಾಕಳಿಯವನು ದಿನಾ ಬೆಳಿಗ್ಗೆ ಬರುತ್ತಿದ್ದ. ಇಬ್ಬರೂ ಒಂದೇ ಫ್ಲಾಸ್ಕಿನ ಕಾಫಿ ಕುಡಿದು ಕೆಲಸಕ್ಕೆ ಕೂರುತ್ತಿದ್ದೆವು. ಹೆಚ್ಚು ಮಾತಿರಲಿಲ್ಲ. ಆದರೂ ನನ್ನ ಕೆಲಸದ ವರ್ಷಗಳಲ್ಲಿ ಅಷ್ಟು ಸುಖವಾಗಿ ಬೆಳಗಾದ ದಿನಗಳು ಬೇರೆ ಇರಲಿಲ್ಲ.

ಒಂದು ವಿಷಯ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡುತ್ತಿರಲಿಲ್ಲ. ಪ್ರತಿ ಸಲ ಬಿಡಿಸಿ ಕೂಡಿಸಿದಾಗಲೂ ಆ ಕಡೆ ಒಂದು, ಈ ಕಡೆ ಒಂದು ಫ್ರೇಮು ಹೋಗುತ್ತದೆ. ಕೆರೆದ ತುದಿಯನ್ನು ಇನ್ನೊಮ್ಮೆ ಕೆರೆಯಲು ಬರುವುದಿಲ್ಲ. ನಾಯಕಿಯ ಮುಖ ಮೊದಲು ಕಣ್ಣೀರು ಜಾರುವಷ್ಟು ಹೊತ್ತು ನಿಲ್ಲುತ್ತಿತ್ತು, ಆಮೇಲೆ ಕಣ್ಣು ಮಿಟುಕಿಸುವಷ್ಟಾಯಿತು. ಹಾಸ್ಯದವನ ಬಾಯಿ ತೆರೆಯುವುದರೊಳಗೆ ಮಾಯವಾಗತೊಡಗಿತು. ಅಂಚಿನ ತೂತುಗಳು ಸಡಿಲವಾಗಿ ಫಿಲಂ ಆ ಜಾಗದಲ್ಲಿ ಕುಣಿಯುತ್ತಿತ್ತು.

"ಇನ್ನೊಂದೇ ಸಲ ತಡೆಯುತ್ತೆ" ಎಂದು ಹಬ್ಬದ ಹಿಂದಿನ ದಿನ ಅವನು ಹೇಳಿದ.

"ಸಾಕು. ಹಬ್ಬ ಒಂದು ದಾಟಿದ್ರೆ ಲೈಸೆನ್ಸ್ ಬರುತ್ತೆ" ಎಂದೆ.

ಆಯುಧಪೂಜೆಯ ಬೆಳಿಗ್ಗೆ ಇಬ್ಬರೂ ಸೇರಿ ನಾಯಕಿಯ ಮುಖವನ್ನು ಕೊನೆಯ ಬಾರಿ ಕೂಡಿಸಿದೆವು. ನಿಜವಾದ ಉತ್ತರ ಅವಳೇ ತಾನೆ. ಅಷ್ಟರಲ್ಲಿ ಕೆಳಗೆ ಗಂಟೆಯ ಸದ್ದಾಯಿತು. ಯಜಮಾನರು ಪುರೋಹಿತರನ್ನು ಕರೆದುಕೊಂಡು, ಬೂದುಗುಂಬಳಕಾಯಿ ಹೊರಿಸಿಕೊಂಡು ಬಂದಿದ್ದರು. ಪ್ರತಿ ವರ್ಷ ದಿನದ ಆಟಗಳನ್ನೆಲ್ಲ ಮುಗಿಸಿ ಕೊನೆಗೆ ಪೂಜೆ ಮಾಡುತ್ತಿದ್ದೆವು. ಈ ಸಲ ಬೆಳಿಗ್ಗೆಯೇ ಬಂದಿದ್ದಾರಲ್ಲ, ಚಿತ್ರ ಗೆದ್ದ ಸಂತೋಷಕ್ಕಿರಬೇಕು ಎಂದುಕೊಂಡೆ. ಎರಡು ಯಂತ್ರಗಳಿಗೂ ವಿಭೂತಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದರು. ನಾನೇ ಮಂಗಳಾರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಗೇಟಿನ ಮುಂದೆ ಕುಂಬಳಕಾಯಿ ಒಡೆದರು. ಕೈ ಒರೆಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದರು.

"ಪೂಜೆ ಆದ ಮೇಲೆ ಮೆಷಿನ್ ಮುಟ್ಟೋ ಹಾಗಿಲ್ಲ, ನಿಂಗೊತ್ತಲ್ಲ. ನಾಳೆಯಿಂದ ಬೋಲ್ಟು ನಟ್ಟಿನವರು ಕಂಬ ನೆಡ್ತಾರೆ, ಈವತ್ತೇ ಜಾಗ ಖಾಲಿ ಮಾಡಿಕೊಡ್ಬೇಕು. ಹೋದ ತಿಂಗಳೇ ಮಾತಾಗಿತ್ತು ಕಣಯ್ಯ. ಜಾಗ ಖಾಲಿ ಬಿದ್ದಿದ್ರೆ ಯಾರಾದ್ರೂ ಗುಡಿಸಲು ಹಾಕ್ಬಿಡ್ತಾರೆ ಅಂತ ಅಲ್ಲೀತನಕ ಪಿಕ್ಚರ್ ನಡೀಲಿ ಅಂದೆ. ಚೆನ್ನಾಗೇ ನಡೆಸಿದೆ."

ಹೋದ ತಿಂಗಳು ಅಂದರೆ ಅರ್ಧ ಚಿತ್ರ ನನ್ನ ಕೈಗೆ ಬರುವುದಕ್ಕೂ ಮೊದಲು. ಕೈಯಲ್ಲಿ ಕಡ್ಲೆಪುರಿಯ ಪೊಟ್ಟಣ ಇತ್ತು, ಅದನ್ನೇ ಹಿಡಿದುಕೊಂಡು ನಿಂತಿದ್ದೆ. ಪಕ್ಕದಲ್ಲಿ ನಿಂತಿದ್ದ ಡಬ್ಬದಣ್ಣ ಯಜಮಾನರು ಕಾರು ಹತ್ತಿದ ಮೇಲೆ, "ಆ ಯಪ್ಪನ ಮುಂದೆ ನೀವಿಬ್ರು ಏನ್ ಜಾದೂ ಕಲ್ತೀರ ಬುಡಿ ಸಾಮಿ" ಎಂದರು.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಜನ ಸೇರಿದರು. ಕಾರ್ಖಾನೆಗಳಲ್ಲಿ ಪೂಜೆ ಮುಗಿಸಿ, ಹಣೆಗೆ ಕುಂಕುಮ, ಕೈಯಲ್ಲಿ ಸಿಹಿ ಪೊಟ್ಟಣ ಹಿಡಿದು, ಹೆಂಡತಿ ಮಕ್ಕಳ ಸಮೇತ ಬಂದಿದ್ದರು. ಅಷ್ಟು ಜನ ನಮ್ಮ ಟೆಂಟಿಗೆ ಯಾವತ್ತೂ ಬಂದಿರಲಿಲ್ಲ. ಟರ್ನರ್ ಎಲ್ಲರಿಗಿಂತ ಮುಂದೆ ನಿಂತಿದ್ದ. ಆಟ ಇಲ್ಲ ಎಂದೆ. ಗಲಾಟೆ ಎದ್ದಿತು.

"ಯಾಕಿಲ್ಲ ಸಾರ್? ಬೋರ್ಡ್ ಹಾಕಿದೀರಲ್ಲ?"

"ಮೆಷಿನ್ನಿಗೆ ಪೂಜೆ ಆಗಿಬಿಟ್ಟಿದೆ."

ಅವನು ಸುಮ್ಮನಾದ. ಹಿಂದಿದ್ದವರಿಗೂ ಹೇಳಿದ, ಅವರೂ ಸುಮ್ಮನಾದರು. ಪೂಜೆಯಾದ ಯಂತ್ರವನ್ನು ಅದೇ ದಿನ ಓಡಿಸು ಎಂದು ಕೇಳುವವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ತಮ್ಮ ಲೇತನ್ನೂ ಹಾಗೆಯೇ ಬಿಟ್ಟು ಬಂದಿದ್ದರು. ಅವರು ಹಠ ಹಿಡಿದಿದ್ದರೆ ಬಹುಶಃ ಹಾರ ಕಿತ್ತು ಓಡಿಸಿಬಿಡುತ್ತಿದ್ದೆ. ಯಜಮಾನರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು.

"ನಮ್ಮಲ್ಲಿ ಪೂಜೆ ಸಂಜೆಗೆ" ಎಂದು ಮಾಕಳಿಯವನು ಜನಕ್ಕೆ ಕೇಳುವಂತೆ ಹೇಳಿದ. ನನ್ನ ಕಡೆ ತಿರುಗಿ, "ಡಬ್ಬ ಎಲ್ಲಾ ಕೊಡು. ನೀನೂ ಬಾ" ಎಂದ.

ಜನ ಸಿಕ್ಕ ಬಸ್ಸು, ಟೆಂಪೋ ಹತ್ತಿ ಮಾಕಳಿಗೆ ಹೊರಟರು. ನಾನೂ ಹೋದೆ. ಅವನು ಕ್ಯಾಬಿನ್ನಿಗೆ ಕರೆದ, ಹೋಗಲಿಲ್ಲ. ಅವನ ಯಂತ್ರದ ಮುಂದೆ ಕೈ ಕಟ್ಟಿಕೊಂಡು ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ. ಬೆಂಚಿನ ಮೇಲೆ ಜನರ ನಡುವೆ ಕೂತೆ. ಆ ಚಿತ್ರವನ್ನು ಮೊದಲಿನಿಂದ ನೋಡಿದ್ದು ಆವತ್ತೇ. ಗುರು ಸಾಯುವ ರೀಲು ಅಷ್ಟೇನೂ ಉದ್ದ ಅನ್ನಿಸಲಿಲ್ಲ. ಗಡ್ಡದವನ ಕೈ ಹತ್ತಿರದಿಂದ ನೋಡಿದರೆ ಹೆಂಗಸಿನ ಕೈಯೇ, ಅದು ಯಾರಿಗೂ ಹೇಗೆ ಕಾಣಲಿಲ್ಲವೋ. ಕೊನೆಯ ರೀಲು ಬಂತು. ಟೆಂಟು ಉಸಿರು ಬಿಗಿಹಿಡಿಯಿತು, ಉತ್ತರ ಗೊತ್ತಿದ್ದ ನಾನೂ ಬಿಗಿಹಿಡಿದೆ. ನಾಯಕ ಕೈ ಚಾಚಿದ. ಬೆರಳು ಗಡ್ಡಕ್ಕೆ ತಾಕಿತು.

ಟಪ್ ಎಂದು ಫಿಲಂ ತುಂಡಾಯಿತು. ಪರದೆ ಬೆಳ್ಳಗಾಯಿತು.

ಬೆಳಿಗ್ಗೆ ನಾವು ಕೂಡಿಸಿದ ಜಾಗವೇ ಬಿಟ್ಟಿತ್ತು. ಶಿಳ್ಳೆ ಎದ್ದಿತು. ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯಲಿಲ್ಲ, ಕಾಲು ಆಗಲೇ ಕ್ಯಾಬಿನ್ನಿನ ಕಡೆ ತಿರುಗಿತ್ತು. ಬಲಗೈ ಬ್ಲೇಡಿಗಾಗಿ ಅಂಗಿಯ ಜೇಬು ತಡಕುತ್ತಿತ್ತು. ಪಕ್ಕದಲ್ಲಿ ಮಗು ಎತ್ತಿಕೊಂಡು ಕೂತಿದ್ದವನೊಬ್ಬ ನನ್ನ ತೋಳು ಹಿಡಿದು ಎಳೆದ.

"ಕೂತ್ಕಳಿ ಸಾರ್, ಇಂದೆ ಕೂತವ್ರಿಗೆ ಕಾಣಕಿಲ್ಲ. ಆಪರೇಟರ್ ಅವ್ನೆ, ಆಕ್ತಾನೆ."

ಕೂತುಕೊಂಡೆ.